ಲೈಸೆನ್ಸ್ ಇಲ್ಲದ ಕೋವಿಯ ಜಾತಕ

ನನ್ನ ದೊಡ್ಡಮಾವನ ಮನೆಯಲ್ಲಿ ಒಂದು ಹಳೇ ಕೋವಿಯಿದೆ. ಅದಕ್ಕೆ ಲೈಸೆನ್ಸ್ ಇಲ್ಲ. ಕೊಡಗಿನವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಕೊಡವರಿಗೆ, ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಲೈಸೆನ್ಸ್ ಬೇಡ, ವಿನಾಯಿತಿ ಪತ್ರ ಇದ್ದರೆ ಸಾಕು. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಶುರುವಾದ ವಿನಾಯಿತಿ ಅದು. 1959ರ ಆಯುಧ ಕಾಯ್ದೆ ಬಂದ ಮೇಲೂ ಉಳಿದುಕೊಂಡಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಮನೆಯಲ್ಲಿ ಇದು ಹೆಮ್ಮೆಯ ವಿಷಯ, ಹೆಮ್ಮೆ ಪಡಬೇಕಾದ್ದೇ. ಆದರೆ ಈ ಕೋವಿಯ ಮೂಲ ಹುಡುಕಲು ಹೊರಟಾಗ ನನಗೆ ಎದುರಾದ ದೊಡ್ಡ ತೊಡಕು ಕೂಡ ಅದೇ. ಬೇರೆ ಕಡೆಯಾಗಿದ್ದರೆ ಎಲ್ಲೋ ಒಂದು ಹಳೇ ಲೈಸೆನ್ಸ್ ಪುಸ್ತಕ ಸಿಗುತ್ತಿತ್ತು. ಅದರಲ್ಲಿ ನಂಬರ್ ಇರುತ್ತಿತ್ತು, ಯಾರಿಂದ ಬಂತು, ಯಾವ ವರ್ಷ ಬಂತು ಅಂತ ಇರುತ್ತಿತ್ತು. ಇಲ್ಲಿ ಲೈಸೆನ್ಸಿನ ಕಾಗದ ಬೇಕಾಗಲೇ ಇಲ್ಲ, ಹಾಗಾಗಿ ಅಜ್ಜನ ಕಾಲದ ಕಾಗದವೂ ಹುಟ್ಟಲಿಲ್ಲ. ಉಳಿದದ್ದು ಮನೆಯವರ ಬಾಯಿಮಾತು ಮತ್ತು ಕೋವಿಯ ಕಬ್ಬಿಣ. ಇವೆರಡೂ ಒಂದೇ ಮಾತು ಹೇಳುತ್ತಿರಲಿಲ್ಲ. ನನ್ನನ್ನು ಕೊರೆದದ್ದು ಅದು.

ಬಾಯಿಮಾತು ಹೀಗಿದೆ. ಅಜ್ಜ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಇಂಗ್ಲಿಷ್ ದೊರೆ ತೋಟ ಮಾರಿ ಊರಿಗೆ ಹೊರಟ. ಹೋಗುವ ಮುಂಚೆ ಅಜ್ಜನನ್ನು ಬಂಗಲೆಗೆ ಕರೆಸಿ ಈ ಕೋವಿ ಕೊಟ್ಟ. "ಇದನ್ನು ನಾನು ಮೊದಲ ಮಹಾಯುದ್ಧದಲ್ಲಿ ಜರ್ಮನರ ಮೇಲೆ ಹಾರಿಸಿದ್ದೇನೆ, ಜೋಪಾನ" ಅಂದನಂತೆ. ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದ ದಿನ ಕೋವಿಗಳನ್ನೆಲ್ಲ ಒರೆಸಿ, ಸಾಲಾಗಿಟ್ಟು, ನಳಿಗೆಗೆ ತೋಕ್ ಪೂವು, ಅಂದರೆ ಕೋವಿ ಹೂವು ಸಿಕ್ಕಿಸಿ ಪೂಜೆ ಮಾಡುವಾಗ ಈ ಕಥೆ ತಪ್ಪದೆ ಬರುತ್ತದೆ. ಸಾಲಿನಲ್ಲಿ ಒಂದು ಜೋಡುನಳಿಗೆ ಇದೆ, ಮುತ್ತಜ್ಜನ ಕಾಲದ ಒಂದು ಕೇಪಿನ ಕೋವಿ ಇದೆ. ನೆಂಟರ ಮಕ್ಕಳು ಬಂದು ಕೇಳುವುದು ಮಾತ್ರ ಜರ್ಮನ್ ಯುದ್ಧದ ಕೋವಿ ಯಾವುದು ಅಂತಲೇ.

ಮಕ್ಕಳಾಗಿದ್ದಾಗ ನಾವೂ ಹಾಗೇ ನಂಬಿದ್ದೆವು. ಡಿಗ್ರಿಯಲ್ಲಿ ಎನ್‌ಸಿಸಿ ಸೇರಿದ ಮೇಲೆ ನನಗೆ ಅನುಮಾನ ಶುರುವಾಯಿತು. ಅಲ್ಲಿ ನಮ್ಮ ಕೈಗೆ ಕೊಟ್ಟದ್ದು ಪಾಯಿಂಟ್ ಟೂ ಟೂ (.22) ರೈಫಲ್, ನಳಿಗೆಯ ತೂತು ಕಾಲು ಇಂಚಿಗಿಂತ ಕಡಿಮೆ. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಕಾಗದದ ಗುರಿಗೆ ಹೊಡೆಯಬೇಕು. ತೋಟಾ ನೋಡಿದರೆ ಸಣ್ಣ ಪೆನ್ಸಿಲ್ ತುಂಡಿನಷ್ಟಿತ್ತು. ರಜೆಗೆ ಊರಿಗೆ ಹೋದಾಗ ದೊಡ್ಡಮಾವ ಕಪಾಟಿನಿಂದ ಆ ಕೋವಿಯ ತೋಟಾ ತೆಗೆದು ತೋರಿಸಿದರು. ಅದೇ ಪಾಯಿಂಟ್ ಟೂ ಟೂ. ಇಂಥದ್ದನ್ನು ಹಿಡಿದು ಫ್ರಾನ್ಸಿನ ಕಂದಕಗಳಲ್ಲಿ ಯಾರು ಯುದ್ಧ ಮಾಡುತ್ತಾರೆ? ಅಲ್ಲಿ ಬ್ರಿಟಿಷ್ ಸೈನಿಕರ ಕೈಯಲ್ಲಿದ್ದದ್ದು .303. ಹತ್ತು ತೋಟಾ ಹಿಡಿಯುವ ಲೀ ಎನ್‌ಫೀಲ್ಡ್. ಇದೋ ಒಂದು ಸಲಕ್ಕೆ ಒಂದೇ ತೋಟಾ ನುಂಗುವ ಕೋವಿ. ಸಾಲದ್ದಕ್ಕೆ ವಿಪರೀತ ಭಾರ. ಹತ್ತಿರ ಹತ್ತಿರ ನಾಲ್ಕು ಕಿಲೋ. ಶಿಕಾರಿಗೆ ಹೋಗುವವರು ಇಷ್ಟು ಸಣ್ಣ ಈಡಿಗೆ ಇಷ್ಟು ಭಾರ ಹೊತ್ತು ಕಾಡು ಸುತ್ತುವುದಿಲ್ಲ. ಯುದ್ಧಕ್ಕೂ ಅಲ್ಲ, ಶಿಕಾರಿಗೂ ಅಲ್ಲ. ಹಾಗಾದರೆ ಇದನ್ನು ಯಾರು, ಯಾತಕ್ಕಾಗಿ ಮಾಡಿದರು?

ಜಗಲಿಯ ಮೇಲೆ

ಕೊನೆಗೊಮ್ಮೆ ದೊಡ್ಡಮಾವನನ್ನು ಕೇಳಿಯೇಬಿಟ್ಟೆ. "ಮಾವ, ಅದನ್ನ ಪೂರ್ತಿ ಬಿಚ್ಚಿ ನೋಡೋಣ್ವಾ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ನಾನೇ ಬಿಚ್ತೀನಿ. ನೀನು ಕೈ ಹಾಕ್ಬೇಡ, ನೋಡು ಅಷ್ಟೆ" ಅಂದರು. ಹಬ್ಬ ಮುಗಿದ ಮಾರನೇ ದಿನ. ಮಳೆ ಹಿಡಿದಿತ್ತು. ಜಗಲಿಯಲ್ಲಿ ಹಳೇ ಗೋಣಿಚೀಲ ಹಾಸಿ ಕೋವಿ ಮಲಗಿಸಿದರು. ಮೊದಲು ಕೆಳಗಿನ ಲಿವರ್ ಇಳಿಸಿ, ತೋಟಾ ಕೂರುವ ಜಾಗಕ್ಕೆ ಕಿರುಬೆರಳು ತೂರಿಸಿ ಖಾಲಿ ಇದೆಯೇ ಅಂತ ನೋಡಿದರು. ನನಗೂ ತೋರಿಸಿದರು. ವರ್ಷಗಟ್ಟಲೆ ಹಾರಿಸದ ಕೋವಿ ಅಂತ ಗೊತ್ತಿದ್ದೂ ಅವರು ಈ ಕೆಲಸ ಬಿಟ್ಟದ್ದನ್ನು ನಾನು ನೋಡಿಲ್ಲ.

ಪಕ್ಕದ ಒಂದು ಪಿನ್ ಹೊಡೆದು ಹೊರಗೆ ತೆಗೆದರು. ಆಗ ಆದದ್ದು ನೋಡಿ ನನಗೆ ಆಶ್ಚರ್ಯ. ಟ್ರಿಗರ್, ಸ್ಪ್ರಿಂಗು, ಬಾಗಿಲಿನ ಹಾಗೆ ಬೀಳುವ ಉಕ್ಕಿನ ತುಂಡು, ಲಿವರ್, ಎಲ್ಲವೂ ಒಂದೇ ಗಂಟಾಗಿ ಕೆಳಗೆ ಇಳಿದು ಅವರ ಅಂಗೈಗೆ ಬಂತು. ಬಿಡಿ ಬಿಡಿಯಾಗಿ ಏನೂ ಉದುರಲಿಲ್ಲ. ಖಾಲಿಯಾದ ಚೌಕಟ್ಟಿನ ಹಿಂದಿನಿಂದ ನೋಡಿದರೆ ನಳಿಗೆಯ ಈ ತುದಿಯಿಂದ ಆ ತುದಿಗೆ ನೇರ ಬೆಳಕು. ನಳಿಗೆಯನ್ನು ಹಿಂದಿನಿಂದಲೇ ಒರೆಸಬಹುದು. ಮೂತಿಗೆ ಒರೆಸುವ ಸರಳು ತಾಗುವುದಿಲ್ಲ. ಗುಂಡು ಕೊನೆಯದಾಗಿ ತಾಗಿ ಹೋಗುವ ಜಾಗ ಮೂತಿಯ ಅಂಚು. ಅದು ಒಂದು ಬದಿ ಸವೆದರೂ ಗುರಿ ತಪ್ಪುತ್ತದೆ. ಅಂದರೆ ಗುರಿ ಒಂದನ್ನೇ ತಲೆಯಲ್ಲಿಟ್ಟುಕೊಂಡು ಮಾಡಿದ ಕೋವಿ ಇದು ಅಂತ ಆ ಕ್ಷಣಕ್ಕೇ ಗಟ್ಟಿಯಾಯಿತು.

ಆಮೇಲೆ ಗುರುತು ಓದುವ ಕೆಲಸ. ಹೊರಗೆ ಕಾಣುವ ಭಾಗವೆಲ್ಲ ಎಷ್ಟೋ ವರ್ಷದ ತೆಂಗಿನೆಣ್ಣೆ ಒಣಗಿ ಕಂದು ಜಿಡ್ಡು ಕಟ್ಟಿತ್ತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ತಿಕ್ಕಿ, ಒಣಗಿಸಿ, ಸೀಮೆಸುಣ್ಣದ ಪುಡಿ ಉಜ್ಜಿದೆವು. ಟಾರ್ಚನ್ನು ಓರೆಯಾಗಿ ಹಿಡಿದರೆ ಸವೆದ ಅಕ್ಷರಗಳಲ್ಲಿ ಪುಡಿ ಬೆಳ್ಳಗೆ ಕಾಣುತ್ತದೆ. ಚೌಕಟ್ಟಿನ ಬದಿಯಲ್ಲಿ ಒಂದು ಚಿತ್ರ ಎದ್ದುಬಂತು. ಮೂರು ಬಂದೂಕುಗಳ ತುದಿ ಸೇರಿಸಿ ಒಂದಕ್ಕೊಂದು ಆನಿಸಿ ನಿಲ್ಲಿಸಿದ ಗುರುತು. ದೊಡ್ಡಮಾವ ತಕ್ಷಣ "ಇದು ನಮ್ಮ ಸೈಕಲ್ಲಿನ ಮಾರ್ಕು!" ಅಂದರು. ಹೌದು, ಬಿಎಸ್‌ಎ. ನಮ್ಮಲ್ಲಿ ಬಿಎಸ್‌ಎ ಸೈಕಲ್ ತುಳಿಯದವರು ಕಡಿಮೆ. ಹಿಂದಿನ ತಲೆಮಾರಿಗೆ ಬಿಎಸ್‌ಎ ಅಂದರೆ ಮೋಟಾರ್‌ಸೈಕಲ್. ಆ ಹೆಸರಿನ ಪೂರ್ತಿ ರೂಪ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. 14 ಮಂದಿ ಬಂದೂಕು ಕಸುಬಿನವರು ಕೂಡಿ ಕಟ್ಟಿದ ಕಂಪನಿ. ಕಟ್ಟಿದ್ದು 1861ರಲ್ಲಿ. ಕೊಡಗಿಗೆ ವಿನಾಯಿತಿ ಸಿಕ್ಕ ವರ್ಷವೂ ಅದೇ. ಎರಡಕ್ಕೂ ಸಂಬಂಧ ಇಲ್ಲ, ಆದರೂ ಇದು ಗೊತ್ತಾದಾಗ ದೊಡ್ಡಮಾವನಿಗೆ ತುಂಬ ಖುಷಿಯಾಯಿತು. ಬಂದವರಿಗೆಲ್ಲ ಹೇಳುತ್ತಿರುತ್ತಾರೆ.

ನಳಿಗೆಯ ಮೇಲೆ ಒಂದು ಸಾಲು ಸಿಕ್ಕಿತು: ಬಿ.ಎಸ್.ಎ. ಗನ್ಸ್ ಲಿಮಿಟೆಡ್. ಸುಮ್ನೆ ಕಂಪನಿ ಹೆಸರು ಅಂದುಕೊಂಡು ಮುಂದೆ ಹೋಗಬಹುದಿತ್ತು. ಆದರೆ ಮೂಲ ಹುಡುಕುವವರಿಗೆ ಇಂಥ ಸಾಲಿನ ಒಂದೊಂದು ಪದವೂ ಮುಖ್ಯ. ಮೊದಲು ಸೈಕಲ್ಲು, ಬಂದೂಕು ಎಲ್ಲಾ ಒಂದೇ ಕಂಪನಿಯ ಹೆಸರಿನಲ್ಲಿ ನಡೆಯುತ್ತಿತ್ತು. 1919ರಲ್ಲಿ ಅದನ್ನು ಒಡೆದು ಸೈಕಲ್ಲಿಗೆ ಒಂದು, ಬಂದೂಕಿಗೆ ಒಂದು ಅಂತ ಬೇರೆ ಬೇರೆ ಕಂಪನಿ ಮಾಡಿದರು. ಬಿಎಸ್‌ಎ ಗನ್ಸ್ ಹುಟ್ಟಿದ್ದು ಆಗ. ಮಹಾಯುದ್ಧ ನಿಂತದ್ದು 1918ರ ನವೆಂಬರಿನಲ್ಲಿ. ಹೀಗಾಗಿ ಈ ಹೆಸರು ಹೊತ್ತ ನಳಿಗೆ ಆ ಯುದ್ಧ ನೋಡಿರಲು ಸಾಧ್ಯವೇ ಇಲ್ಲ.

ಇನ್ನುಳಿದ ಗುರುತುಗಳು ನಳಿಗೆಯ ಕೆಳಗೆ ಎಡಗೈ ಹಿಡಿಯುವ ಮುಂದಿನ ಮರದ ಅಡಿಯಲ್ಲಿದ್ದವು. ಸ್ಕ್ರೂ ಬಿಚ್ಚಿ ಆ ಮರ ತೆಗೆದರೆ ಒಳಗಿನ ಕಬ್ಬಿಣ ಹೊಸದರಂತೆ ನೀಲಿ ಹೊಳೆಯುತ್ತಿತ್ತು. ಅಲ್ಲಿ ಕಿರೀಟ, ಅದರ ಕೆಳಗೆ ಹೆಣೆದ ಅಕ್ಷರ. ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಮುದ್ರೆ ಅದು. ಇಂಗ್ಲೆಂಡಿನಲ್ಲಿ ಯಾವ ಬಂದೂಕನ್ನೂ ಪರೀಕ್ಷೆ ಮಾಡಿಸದೆ ಮಾರುವಂತಿಲ್ಲ. ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹಾರಿಸುತ್ತಾರೆ, ನಳಿಗೆ ತಡೆದುಕೊಂಡರೆ ಮುದ್ರೆ ಒತ್ತುತ್ತಾರೆ. 1813ರಲ್ಲಿ ಶುರುವಾದ ಆ ಮನೆ ಈಗಲೂ ಇದೇ ಕೆಲಸ ಮಾಡುತ್ತಿದೆ. ಕಾಲಕಾಲಕ್ಕೆ ಮುದ್ರೆಗಳು ಬದಲಾಗಿವೆ. 1955ರಿಂದ ಹೊಸ ಮುದ್ರೆ ಬಂತು, ಚದರ ಇಂಚಿಗೆ ಎಷ್ಟು ಟನ್ ಒತ್ತಡ ಅಂತಲೂ ಕೆತ್ತತೊಡಗಿದರು. ನಮ್ಮದರಲ್ಲಿ ಅದಿಲ್ಲ, ಅದಕ್ಕಿಂತ ಹಳೆಯ ಮುದ್ರೆ. ಪಕ್ಕದಲ್ಲೇ ಅಡ್ಡಡ್ಡ ಇಟ್ಟ ಎರಡು ಈಟಿಗಳ ಸಣ್ಣ ಗುರುತು, ಅದರ ಸಂದಿಗಳಲ್ಲಿ ಅಕ್ಷರ. ಯಾವ ವರ್ಷ ಪರೀಕ್ಷೆ ಆಯಿತು ಅಂತ ಹೇಳುವ ಗುಟ್ಟಿನ ಲಿಪಿ ಅದು. 1921ರಿಂದ ಬಳಕೆಗೆ ಬಂತು. ಎಲ್ಲ ಜೋಡಿಸಿ ನೋಡಿದರೆ ಕೋವಿ ಹುಟ್ಟಿದ್ದು ಎರಡು ಮಹಾಯುದ್ಧಗಳ ನಡುವೆ. ಆಕಾರ, 29 ಇಂಚಿನ ಭಾರದ ನಳಿಗೆ, ಹಿಂದೆ ಗುರಿ ನೋಡುವ ಕಿಂಡಿ ಕೂರಿಸಲು ಇರುವ ಸ್ಕ್ರೂ ತೂತುಗಳು, ಮುಂದೆ ಕೊಳವೆಯಂಥ ಗೂಡಿನೊಳಗಿನ ಕಣ್ಣು, ಇವೆಲ್ಲ ಬಿಎಸ್‌ಎಯ 12ನೇ ಮಾಡೆಲ್ ಮಾರ್ಟಿನಿ ಅನ್ನುವ ರೈಫಲಿಗೆ ಸರಿಹೊಂದುತ್ತವೆ. ಶುದ್ಧ ಗುರಿ ಸ್ಪರ್ಧೆಯ ರೈಫಲ್. ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ಒಂದು ಕಾಲಕ್ಕೆ ಬೇಕಾದಷ್ಟಿದ್ದವು. ನಮ್ಮ ಕಡೆ ಮನೆಗಳಲ್ಲಿರುವುದು ಹೆಚ್ಚಾಗಿ ಚರೆ ಹಾರಿಸುವ 12 ಬೋರಿನ ಕೋವಿ. ಇಂಥದ್ದು ಕಾಣಸಿಗುವುದು ಬಹಳ ಅಪರೂಪ.

ದೊಡ್ಡಮಾವನಿಗೆ ಹೇಳಿದೆ. ಮಹಾಯುದ್ಧದ್ದಲ್ಲ ಮಾವ, ಆಮೇಲಿನದು. ಅವರು ಬೇಜಾರು ಮಾಡಿಕೊಂಡರು. "ದೊರೆ ಸುಳ್ಳು ಹೇಳಿದ್ನಾ? ಇಲ್ಲ ಅಪ್ಪ ಸುಳ್ಳು ಹೇಳಿದ್ರಾ?" ಅಂತ ಕೇಳಿದರು. ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಒಂದು ಮುದ್ರೆ ತೋರಿಸಿ ತೀರಿಕೊಂಡವರನ್ನು ಸುಳ್ಳುಗಾರರು ಅಂತ ಮಾಡಿಬಿಡುವುದು ನನಗೆ ಒಪ್ಪಿಗೆಯಿರಲಿಲ್ಲ. ಕಥೆಯಲ್ಲಿ ಯುದ್ಧ ಯಾಕೆ ಸೇರಿಕೊಂಡಿತು ಅಂತ ತಿಳಿಯಬೇಕಿತ್ತು. ಅದಕ್ಕೆ ಇನ್ನೂ ಹಿಂದಕ್ಕೆ ಹೋಗಬೇಕಾಯಿತು.

ಬೋಯರ್ ಯುದ್ಧದಿಂದ ಹಿತ್ತಲಿನ ಗುರಿಕಟ್ಟೆಗೆ

ಲಿವರ್ ಇಳಿಸಿದರೆ ಬಾಗಿಲಿನಂತೆ ಬೀಳುವ ಆ ಉಕ್ಕಿನ ತುಂಡಿನ ವಂಶ ಅಮೆರಿಕದಿಂದ ಶುರುವಾಗುತ್ತದೆ. ಬೋಸ್ಟನ್ನಿನ ಹೆನ್ರಿ ಪೀಬಾಡಿ 1862ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅವನದಕ್ಕೆ ಹೊರಗಡೆ ಸುತ್ತಿಗೆ ಇತ್ತು, ಪ್ರತಿ ಸಲ ಕೈಯಿಂದ ಎಳೆಯಬೇಕು. ಸ್ವಿಟ್ಜರ್ಲೆಂಡಿನ ಫ್ರೌಎನ್‌ಫೆಲ್ಡ್‌ನಲ್ಲಿದ್ದ ಫ್ರೀಡ್ರಿಶ್ ಫಾನ್ ಮಾರ್ಟಿನಿ ಆ ಸುತ್ತಿಗೆ ತೆಗೆದುಹಾಕಿ ಒಳಗೇ ಸ್ಪ್ರಿಂಗು, ಸೂಜಿ ಕೂರಿಸಿದ. ಲಿವರ್ ಇಳಿಸಿ ಏರಿಸಿದರೆ ಕೋವಿ ತಾನಾಗಿ ಸಿದ್ಧ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಹೆನ್ರಿಯ ನಳಿಗೆ ಸೇರಿ ಅದು ಮಾರ್ಟಿನಿ ಹೆನ್ರಿ ಆಯಿತು. 1871ರಲ್ಲಿ ಬ್ರಿಟಿಷ್ ಸೇನೆ ಅದನ್ನು ಒಪ್ಪಿಕೊಂಡಿತು. ನಮ್ಮ ಸಿಪಾಯಿಗಳ ಕೈಗೆ ಆಗ ಅದು ಬರಲಿಲ್ಲ. 1857ರ ಭಯ ಇನ್ನೂ ಹೋಗಿರಲಿಲ್ಲ, ಬಿಳಿ ಸೈನಿಕರಿಗಿಂತ ಒಂದು ತಲೆಮಾರು ಹಿಂದಿನ ಬಂದೂಕನ್ನೇ ನಮ್ಮವರಿಗೆ ಕೊಡುತ್ತಿದ್ದರು. ಅವರಿಗೆ ಮಾರ್ಟಿನಿ ಇದ್ದಾಗ ನಮ್ಮವರಿಗೆ ಸ್ನೈಡರ್. ಅವರಿಗೆ ಲೀ ಮೆಟ್‌ಫರ್ಡ್ ಬಂದ ಮೇಲೆ ನಮ್ಮವರಿಗೆ ಮಾರ್ಟಿನಿ. ಇದನ್ನು ಓದುವಾಗ ಈಗಲೂ ಸಿಟ್ಟು ಬರುತ್ತದೆ. ಆ ಹೊತ್ತಿಗೆ ಕೊಡಗಿನಲ್ಲಿ ಮನೆಮನೆಯಲ್ಲಿ ಕೋವಿ ಇಟ್ಟುಕೊಳ್ಳಲು ಬಿಟ್ಟದ್ದು ಎಷ್ಟು ದೊಡ್ಡ ಸಂಗತಿ ಅಂತಲೂ ಅರ್ಥವಾಗುತ್ತದೆ. 1878ರ ಆಯುಧ ಕಾಯ್ದೆ ಉಳಿದ ಭಾರತೀಯರಲ್ಲಿ ಹೆಚ್ಚಿನವರಿಗೆ ಲೈಸೆನ್ಸಿನ ಸರಪಳಿ ಹಾಕಿತ್ತು.

ಮಾರ್ಟಿನಿ ಯುದ್ಧಕ್ಕೆ ಹಳತಾದ ಮೇಲೂ ಸಾಯಲಿಲ್ಲ. ಅದಕ್ಕೆ ಕಾರಣ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧ. 1899ರ ಡಿಸೆಂಬರಿನಲ್ಲಿ ಒಂದೇ ವಾರದಲ್ಲಿ ಬ್ರಿಟಿಷರು ಮೂರು ಕಡೆ ಸೋತರು. ಎದುರಿಗಿದ್ದ ಬೋಯರರು ಅಲ್ಲಿ ನೆಲೆಸಿದ ಡಚ್ ಮೂಲದ ರೈತರು. ಚಿಕ್ಕಂದಿನಿಂದ ಬೇಟೆಯಾಡಿ ಗುರಿ ಕಲಿತವರು. ದೂರದ ಗುಡ್ಡದ ಮೇಲಿಂದ ಒಬ್ಬೊಬ್ಬರನ್ನೇ ಹೊಡೆದು ಬೀಳಿಸುತ್ತಿದ್ದರು. ಇಂಗ್ಲೆಂಡಿನ ಪೇಟೆ ಹುಡುಗರು ಸೇನೆಗೆ ಸೇರುವವರೆಗೆ ಬಂದೂಕು ಮುಟ್ಟಿದವರೇ ಅಲ್ಲ. ಸೋತ ಸೇನೆಯನ್ನು ಎತ್ತಿ ನಿಲ್ಲಿಸಲು ಲಾರ್ಡ್ ರಾಬರ್ಟ್ಸ್‌ನನ್ನು ಕಳಿಸಿದರು. ಅವನು ಹುಟ್ಟಿದ್ದು ಕಾನ್ಪುರದಲ್ಲಿ, 1832ರಲ್ಲಿ. ಬಹಳ ವರ್ಷ ಭಾರತದಲ್ಲೇ ಇದ್ದವನು, ಇಲ್ಲಿನ ಸೇನೆಯ ಮುಖ್ಯಸ್ಥನೂ ಆಗಿದ್ದ. ಅವನ ಮಗ ಅದೇ ಡಿಸೆಂಬರಿನಲ್ಲಿ ಕೊಲೆನ್ಸೋ ಕದನದಲ್ಲಿ ಪೆಟ್ಟು ತಿಂದು ಸತ್ತಿದ್ದ. ಯುದ್ಧ ಮುಗಿಸಿ ಬಂದ ರಾಬರ್ಟ್ಸ್ ಊರೂರು ತಿರುಗಿ ಒಂದೇ ಮಾತು ಹೇಳಿದ. ಸಾಮಾನ್ಯ ಜನ ಗುರಿ ಹೊಡೆಯುವುದನ್ನು ಕಲಿಯಬೇಕು, ಕೂಲಿ ಮಾಡುವವನೂ ಕಲಿಯುವಂತಿರಬೇಕು.

ದೊಡ್ಡ ಬಂದೂಕಿನಲ್ಲಿ ಅದು ಆಗುವ ಮಾತಲ್ಲ. .303 ತೋಟಾ ದುಬಾರಿ, ಸದ್ದು ಜಾಸ್ತಿ, ಗುಂಡು ಮೈಲಿಗಟ್ಟಲೆ ಹೋಗುತ್ತದೆ. ಪೇಟೆಯ ನಡುವೆ ಎಲ್ಲಿ ಹೊಡೆಯುತ್ತೀರಿ? ಆಗ ಎಲ್ಲರ ಕಣ್ಣು ಬಿದ್ದದ್ದು ಅಮೆರಿಕದಲ್ಲಿ 1887ರಿಂದಲೇ ಇದ್ದ .22 ಲಾಂಗ್ ರೈಫಲ್ ತೋಟಾದ ಮೇಲೆ. ಅಗ್ಗ, ಸದ್ದು ಕಡಿಮೆ, ಭುಜಕ್ಕೆ ಪೆಟ್ಟಿಲ್ಲ. 25 ಗಜದ ಜಾಗ ಇದ್ದರೆ ಸಾಕು. 1901ರಲ್ಲಿ ದುಡಿಯುವ ಜನರ ರೈಫಲ್ ಕ್ಲಬ್ಬುಗಳ ಸಂಘ ಹುಟ್ಟಿತು. ಕಾರ್ಖಾನೆಯ ಹಿಂದೆ, ಹೆಂಡದಂಗಡಿಯ ಹಿತ್ತಲಲ್ಲಿ, ಹಳೇ ಗೋದಾಮುಗಳಲ್ಲಿ ಗುರಿಕಟ್ಟೆಗಳು ಎದ್ದವು. 1908ರ ಲಂಡನ್ ಒಲಿಂಪಿಕ್ಸಿಗೆ ಸಣ್ಣ ಬೋರಿನ ರೈಫಲ್ ಸ್ಪರ್ಧೆ ಸೇರಿತು. ಇಷ್ಟು ಜನರಿಗೆ ಬಂದೂಕು ಬೇಕು. ಬಿಎಸ್‌ಎ ಆಸ್ಟ್ರೇಲಿಯಾದ ಕೆಡೆಟ್ ಹುಡುಗರಿಗೆ 1910ರ ಆಸುಪಾಸಿನಲ್ಲಿ ಸಣ್ಣ ಮಾರ್ಟಿನಿ ಮಾಡಿಕೊಡುತ್ತಿತ್ತು. ಬೆಲ್ಜಿಯಂನ ಬಂದೂಕು ತಯಾರಕ ಫ್ರಾಂಕೋಟ್ ಕಂಡುಹಿಡಿದಂತೆ, ಒಂದು ಪಿನ್ ತೆಗೆದರೆ ಒಳಗಿನದ್ದೆಲ್ಲ ಒಟ್ಟಿಗೆ ಇಳಿದು ಬರುವ ನಮೂನೆ ಅದು. ಅದೇ ಚೌಕಟ್ಟಿಗೆ ಭಾರದ .22 ನಳಿಗೆ ಕೂರಿಸಿದರು. ನಮ್ಮ ಜಗಲಿಯಲ್ಲಿ ಗಂಟಾಗಿ ಇಳಿದು ಬಂದದ್ದು ಆ ಏರ್ಪಾಟು.

ಮಾರ್ಟಿನಿಯನ್ನು ಗುರಿಕಾರರು ಯಾಕೆ ಅಷ್ಟು ಹಚ್ಚಿಕೊಂಡರು ಅಂತ ದೊಡ್ಡಮಾವನಿಗೆ ನಾನು ವಿವರಿಸಬೇಕಾಗಲಿಲ್ಲ. ಅವರು ಖಾಲಿ ಕೋವಿ ಹಿಡಿದು ಮಲಗಿ ತೋರಿಸಿದರು. ಎಡಗೈ ಇದ್ದಲ್ಲೇ ಇರುತ್ತದೆ, ಕೆನ್ನೆ ಮರದಿಂದ ಏಳುವುದಿಲ್ಲ. ಬಲಗೈಯಲ್ಲಿ ಲಿವರ್ ಇಳಿಸು, ತೋಟಾ ಇಡು, ಹೆಬ್ಬೆರಳಿನಿಂದ ದೂಡು, ಲಿವರ್ ಏರಿಸು. ಟ್ರಿಗರ್ ಎಳೆದದ್ದಕ್ಕೂ ಸೂಜಿ ಬಡಿದದ್ದಕ್ಕೂ ನಡುವೆ ಸಮಯವೇ ಇಲ್ಲ ಅನ್ನುವಷ್ಟು ಚುರುಕು. ಆ ಸಮಯ ಕಡಿಮೆ ಆದಷ್ಟೂ ಕೈ ಅಲುಗುವ ಅವಕಾಶ ಕಡಿಮೆ. ಎಪ್ಪತ್ತು ದಾಟಿದ ಮನುಷ್ಯ ನೆಲದ ಮೇಲೆ ಮಲಗಿ ಕಾಲು ಅಗಲಿಸಿಕೊಂಡು, ಉಸಿರು ಅರ್ಧ ಬಿಟ್ಟು ಹಿಡಿದದ್ದು ನೋಡಿ ನನಗೆ ಎನ್‌ಸಿಸಿ ಉಸ್ತಾದರು ನೆನಪಾದರು. "ಇದನ್ನ ಯಾರು ಕಲಿಸಿದ್ರು ಮಾವ?" ಅಂದೆ. "ಅಪ್ಪ. ಅವರಿಗೆ ದೊರೆ ಕಲಿಸಿದ್ದಂತೆ. ಬೆಟ್ಟದ ಮೈಗೆ ಕಾಗದ ಅಂಟಿಸಿ ಭಾನುವಾರ ಹೊಡೀತಿದ್ರು." ಇದನ್ನು ಅವರು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಜರ್ಮನ್ ಯುದ್ಧದ ಕಥೆಯ ಮುಂದೆ ಭಾನುವಾರದ ಕಾಗದದ ಕಥೆ ಅವರಿಗೆ ಸಣ್ಣದಾಗಿ ಕಂಡಿತ್ತು. ನನಗೆ ಇಡೀ ಹುಡುಕಾಟದಲ್ಲಿ ಸಿಕ್ಕ ಅತ್ಯಂತ ಬೆಲೆಬಾಳುವ ಮಾತು ಅದು.

ಮೂತಿಯ ಉಂಗುರ

ಒಂದು ಸಂಗತಿ ಇನ್ನೂ ಬಗೆಹರಿದಿರಲಿಲ್ಲ. ಪ್ರೂಫ್ ಮುದ್ರೆಗಳು ಎರಡು ಜೊತೆ ಇದ್ದವು. ಒಂದು ಜೊತೆ ಚೂರು ಮಂಕು, ಇನ್ನೊಂದು ಚೂಪು. ಒಂದೇ ನಳಿಗೆಯನ್ನು ಎರಡು ಸಲ ಯಾಕೆ ಪರೀಕ್ಷೆ ಮಾಡಿದರು? ವಿರಾಜಪೇಟೆ ಕಡೆಯ ಒಬ್ಬ ಹಳೇ ಕೋವಿ ರಿಪೇರಿಯವರಲ್ಲಿಗೆ ದೊಡ್ಡಮಾವ ಕೋವಿ ಒಯ್ದರು, ನಾನೂ ಜೊತೆಗೆ ಹೋದೆ. ಅವರು ಮುದ್ರೆ ಕಡೆ ನೋಡಲೇ ಇಲ್ಲ. ಕೋವಿಯನ್ನು ಕಿಟಕಿ ಬೆಳಕಿಗೆ ತಿರುಗಿಸಿ ಮೂತಿಯನ್ನು ಹೆಬ್ಬೆರಳಿನಿಂದ ಒರೆಸಿದರು. ಭೂತಗನ್ನಡಿ ನನ್ನ ಕೈಗೆ ಕೊಟ್ಟು "ಇಲ್ಲಿ ನೋಡಿ" ಅಂದರು. ಗುಂಡು ಹೊರಬರುವ ತೂತಿನ ಸುತ್ತ, ಉಕ್ಕಿನ ಮುಖದಲ್ಲಿ, ಕೂದಲೆಳೆಯಷ್ಟು ತೆಳ್ಳಗೆ ಒಂದು ವೃತ್ತ. ಬೆಳಕು ಒಂದು ಕೋನದಲ್ಲಿ ಬಿದ್ದರೆ ಮಾತ್ರ ಕಾಣುತ್ತದೆ, ಸ್ವಲ್ಪ ವಾಲಿಸಿದರೆ ಮಾಯ. "ನಳಿಗೆ ಒಳಗೆ ಇನ್ನೊಂದು ನಳಿಗೆ ಉಂಟು" ಅಂದರು ಅವರು.

ಬರ್ಮಿಂಗ್‌ಹ್ಯಾಮಿನ ಪಾರ್ಕರ್ ಹೇಲ್ ಕಂಪನಿ ಇಂಥ ಕೆಲಸಕ್ಕೇ ಹೆಸರುವಾಸಿಯಾಗಿತ್ತು. ಸವೆದ, ತುಕ್ಕು ತಿಂದ ನಳಿಗೆಯನ್ನು ಒಳಗಿನಿಂದ ಕೊರೆದು ಅಗಲ ಮಾಡಿ, ಸುರುಳಿ ಗೆರೆ ಕೊರೆದ ಹೊಸ ತೆಳು ಕೊಳವೆ ಕೂರಿಸಿಬಿಡುತ್ತಿದ್ದರು. ಹೊರಗೆ ಹಳೇ ನಳಿಗೆ, ಒಳಗೆ ಹೊಸದು. ಮತ್ತೆ ಪ್ರೂಫ್ ಹೌಸಿಗೆ ಹೋಗಬೇಕು, ಮತ್ತೆ ಮುದ್ರೆ ಬೀಳಬೇಕು. .22ರ ಮೆತ್ತನೆ ಸೀಸದ ಗುಂಡು ನಳಿಗೆಯನ್ನು ಅಷ್ಟಾಗಿ ಸವೆಸುವುದಿಲ್ಲ. ಹಾಳು ಮಾಡುತ್ತಿದ್ದದ್ದು ಸೂಜಿ ಬಡಿದಾಗ ಮೊದಲು ಹೊತ್ತಿಕೊಳ್ಳುವ, ತೋಟಾದ ಬುಡದ ಕಿಡಿಮದ್ದು. 1920ರ ದಶಕದವರೆಗೆ ಆ ಮದ್ದು ಸಿಡಿದ ಮೇಲೆ ಒಳಗೆ ಉಪ್ಪಿನಂಥ ಪದರ ಉಳಿಯುತ್ತಿತ್ತು, ಅದು ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತಿತ್ತು. ಒಂದು ಸಂಜೆ ಒರೆಸದೆ ಬಿಟ್ಟರೂ ಸಾಕು. ದಶಕದ ಕೊನೆಗೆ ತುಕ್ಕು ಹಿಡಿಸದ ಮದ್ದು ಬಂತು. ಒಟ್ಟಿನಲ್ಲಿ ನಮ್ಮ ಕೋವಿಯ ಮೊದಲ ನಳಿಗೆಯಲ್ಲಿ ಯಾರೋ ಬಹಳ ಹೊಡೆದಿದ್ದಾರೆ, ಅದು ಹಾಳಾಗುವಷ್ಟು ಹೊಡೆದಿದ್ದಾರೆ. ಹಾಳಾದ ಮೇಲೂ ಎಸೆಯದೆ, ಬರ್ಮಿಂಗ್‌ಹ್ಯಾಮಿಗೆ ಕೊಟ್ಟು ಒಳನಳಿಗೆ ಹಾಕಿಸಿದ್ದಾರೆ. ಹೊಸದು ಕೊಳ್ಳಬಹುದಾಗಿದ್ದಾಗಲೂ ಹಳೇ ಕೋವಿಯ ಮರ, ಟ್ರಿಗರ್ ಕೈಗೆ ಒಗ್ಗಿದೆ ಅಂತ ಖರ್ಚು ಮಾಡುವವನು ಸ್ಪರ್ಧೆಗೆ ಹೊಡೆಯುವವನೇ ಇರಬೇಕು. ಸುಮ್ನೆ ಗೋಡೆಗೆ ನೇತುಹಾಕಲು ಇಟ್ಟುಕೊಂಡವನಿಗೆ ಈ ಉಸಾಬರಿ ಯಾಕೆ?

ಕೊಡಗಿಗೆ ಇದು ಹೇಗೆ ಬಂದಿರಬಹುದು ಅನ್ನುವುದಕ್ಕೆ ನಾನು ಹೇಳುವುದು ಊಹೆ. ಆದರೆ ಬುಡವಿಲ್ಲದ ಊಹೆ ಅಲ್ಲ. 1920ರಲ್ಲಿ ಆಕ್ಸಿಲಿಯರಿ ಫೋರ್ಸ್ ಕಾಯ್ದೆ ಬಂತು. ಭಾರತದಲ್ಲಿದ್ದ ಐರೋಪ್ಯರು, ಆಂಗ್ಲೋ ಇಂಡಿಯನ್ನರು ಸೇರುವ ಅರೆಕಾಲಿಕ ಸೇನೆ ಅದು. ರೈಲ್ವೆಯವರು, ಕೆಜಿಎಫ್‌ನ ಗಣಿ ಅಧಿಕಾರಿಗಳು, ಕೊಡಗು ಮೈಸೂರು ಸೀಮೆಯ ಕಾಫಿ ದೊರೆಗಳು ಇಂಥ ತುಕಡಿಗಳಲ್ಲಿದ್ದರು. ಕವಾಯತು ಮಾಡಬೇಕು, ಗುರಿ ಅಭ್ಯಾಸ ಮಾಡಬೇಕು. ತೋಟದ ಒಂಟಿತನದಲ್ಲಿ ಭಾನುವಾರ ಬೆಟ್ಟದ ಮೈಗೆ ಕಾಗದ ಅಂಟಿಸಿ .22 ಹೊಡೆಯುವುದು ಅಭ್ಯಾಸಕ್ಕೂ ಆಯಿತು, ಹೊತ್ತು ಕಳೆಯಲೂ ಆಯಿತು. ಊರಿನ ಕ್ಲಬ್ಬಿನಲ್ಲಿ ಹೊಡೆದು ಹೊಡೆದು ಒಳನಳಿಗೆ ಹಾಕಿಸಿಕೊಂಡ ಕೋವಿಯನ್ನು ಆತ ಹಡಗಿನಲ್ಲಿ ಜೊತೆಗೇ ತಂದಿರಬೇಕು. 1947ರಲ್ಲಿ ಆ ಸೇನೆಯೇ ಮುಗಿಯಿತು. ತೋಟ ಮಾರಿ ಹೊರಡುವವನು ಯಾರಿಗೆ ಕೊಡುತ್ತಾನೆ? ಲೈಸೆನ್ಸ್ ರಗಳೆ ಇಲ್ಲದವನಿಗೆ, ಅದನ್ನು ಹೊಡೆಯಲು ತಾನೇ ಕಲಿಸಿದವನಿಗೆ.

ಯುದ್ಧದ ಮಾತು ಹೇಗೆ ಬಂತು ಅನ್ನುವುದಕ್ಕೂ ಈಗ ನನಗೆ ಒಂದು ಸಮಾಧಾನ ಇದೆ. ಆ ವಯಸ್ಸಿನ ಇಂಗ್ಲಿಷರಲ್ಲಿ ಮಹಾಯುದ್ಧ ನೋಡದವರು ಕಡಿಮೆ. ದೊರೆ ತನ್ನ ಯುದ್ಧದ ಕಥೆ ಹೇಳಿರಬೇಕು, ಕೋವಿಯನ್ನೂ ಕೊಟ್ಟಿರಬೇಕು. ಎರಡೂ ಒಂದೇ ಬಂಗಲೆಯಿಂದ ಒಂದೇ ಮನೆಗೆ ಬಂದವು, ಕಾಲ ಕಳೆದಂತೆ ಬೆರೆತುಹೋದವು. ಯಾರೂ ಸುಳ್ಳು ಹೇಳಿಲ್ಲ. ದೊಡ್ಡಮಾವನಿಗೆ ಹೀಗೆಂದಾಗ ಅವರ ಮುಖ ಅರಳಿತು. ಇನ್ನೊಂದು ಕಡೆಯಿಂದ ನೋಡಿದರೂ ಕಥೆಯಲ್ಲಿ ಯುದ್ಧ ಇದ್ದದ್ದು ಸರಿಯೇ. ಬೋಯರ್ ಯುದ್ಧದ ಆ ಸೋಲು ಆಗಿರದಿದ್ದರೆ ಹಿತ್ತಲಿನ ಕ್ಲಬ್ಬುಗಳೂ ಇಲ್ಲ, ಈ ಕೋವಿಯೂ ಇಲ್ಲ.

ಕಂಪನಿಯ ದಫ್ತರಗಳಿಂದ ಇದಕ್ಕಿಂತ ಜಾಸ್ತಿ ಸಿಗುತ್ತದೆ ಅಂತ ನಾನು ಆಸೆ ಇಟ್ಟುಕೊಂಡಿಲ್ಲ. 1940ರ ನವೆಂಬರ್ 19ರ ರಾತ್ರಿ ಜರ್ಮನ್ ವಿಮಾನಗಳು ಸ್ಮಾಲ್ ಹೀತ್‌ನ ಬಿಎಸ್‌ಎ ಕಾರ್ಖಾನೆಯ ಮೇಲೆ ಬಾಂಬು ಹಾಕಿದವು. ರಾತ್ರಿ ಪಾಳಿಯಲ್ಲಿದ್ದ 53 ಕೆಲಸಗಾರರು ಸತ್ತರು. 1973ರಲ್ಲಿ ಬಿಎಸ್‌ಎ ಬೇರೆಯವರ ಪಾಲಾಯಿತು. ಹಳೇ ಕಾರ್ಖಾನೆಯ ಬಹುಪಾಲನ್ನು ಆಮೇಲೆ ಕೆಡವಿದರು. ನಮ್ಮ ಕೋವಿಯ ಚೌಕಟ್ಟನ್ನು ಅರದಿಂದ ಉಜ್ಜಿ ನಯ ಮಾಡಿದ ಕೈ ಆ ರಾತ್ರಿಯೂ ಅಲ್ಲೇ ಕೆಲಸದಲ್ಲಿತ್ತೋ ಏನೋ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ.

ಬೀಟೆಯ ತುಂಡು

ಇಷ್ಟೆಲ್ಲ ಆದ ಮೇಲೆ ಹಳೇ ರೈಫಲ್ ಬಲ್ಲ ಒಬ್ಬ ಪರಿಚಿತರಿಗೆ ಫೋಟೋ ಕಳಿಸಿದೆ. ಅವರು ಮೆಚ್ಚಿಕೊಂಡರು, ಒಂದು ಸಲಹೆಯನ್ನೂ ಕೊಟ್ಟರು. ಹಿಂದಿನ ಮರ ಅಸಲಿ ಅಕ್ರೋಟು, ಮುಂದಿನ ಮರ ಅಸಲಿ ಅಲ್ಲ, ಯಾರೋ ಆಮೇಲೆ ಹಾಕಿದ್ದಾರೆ, ಬಣ್ಣವೇ ಬೇರೆ. ಇಂಗ್ಲೆಂಡಿನಿಂದ ಅಸಲಿ ಮರ ತರಿಸಿ ಹಾಕಿದರೆ ಕೋವಿಯ ಬೆಲೆ ಏರುತ್ತದೆ ಅಂದರು. ಸಂಗ್ರಹ ಮಾಡುವವರ ಲೆಕ್ಕದಲ್ಲಿ ಅದು ಸರಿಯಾದ ಮಾತೇ. ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತೋ ಹಾಗೇ ಇರಬೇಕು ಅನ್ನುವುದು ಅವರ ನಿಯಮ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಆ ನಿಯಮದ ಪ್ರಕಾರ ಹೋದರೆ ಒಳನಳಿಗೆಯೂ ತಪ್ಪು, ಎರಡನೇ ಮುದ್ರೆಯೂ ತಪ್ಪು, ಕೊಡಗಿಗೆ ಬಂದದ್ದೂ ತಪ್ಪು. ಕೋವಿಯ ಮೂಲ ಕಾರ್ಖಾನೆಯ ಬಾಗಿಲಲ್ಲಿ ಮುಗಿದುಹೋಗುವುದಾದರೆ ನಾನು ಹುಡುಕಿದ್ದರಲ್ಲಿ ಅರ್ಧಕ್ಕರ್ಧ ಬೇಡವಾಗುತ್ತದೆ.

ಆದರೂ ಕೋವಿ ನನ್ನದಲ್ಲ, ದೊಡ್ಡಮಾವನದು. ಅವರನ್ನು ಕೇಳಿದೆ. ಅವರು ಆ ಮರದ ಮೇಲೆ ಕೈಯಾಡಿಸಿ "ಇದು ಬೀಟೆ" ಅಂದರು. ನನಗೆ ಅದು ಗೊತ್ತಿತ್ತು. ಕಪ್ಪು ಗೆರೆ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ಮುಂದಿನದು ಗೊತ್ತಿರಲಿಲ್ಲ. ಅಸಲಿ ಮರ ಒಂದು ಮಳೆಗಾಲದಲ್ಲಿ ಗೆದ್ದಲು ಹಿಡಿದು ಹೋಯಿತಂತೆ. ಅಜ್ಜ ಹಳೇ ಮಂಚದ ಕಾಲು ಕೊಯ್ದು, ತಾವೇ ಉಳಿ ಹಿಡಿದು ಇದನ್ನು ಕೆತ್ತಿದರಂತೆ. ಒಳಮೈ ತಿರುಗಿಸಿ ತೋರಿಸಿದರು. ಉಳಿಯ ಗುರುತುಗಳು ಹಾಗೇ ಇವೆ, ಸಣ್ಣ ಸಣ್ಣ ಮೆಟ್ಟಿಲಿನಂತೆ. ಒಂದು ಕಡೆ ಸ್ಕ್ರೂ ತೂತು ತಪ್ಪಿದ್ದಕ್ಕೆ ಮುಚ್ಚಿ ಪಕ್ಕದಲ್ಲಿ ಇನ್ನೊಂದು ಕೊರೆದಿದ್ದಾರೆ. ಹೊರಮೈ ಮಾತ್ರ ಗಾಜಿನಷ್ಟು ನುಣುಪು.

"ಇದನ್ನ ಬದಲಾಯಿಸೋದು ಬೇಡ" ಅಂದರು ದೊಡ್ಡಮಾವ. "ನೀನು ಅಷ್ಟೆಲ್ಲ ಬರ್ಕೊಂಡಿದ್ದೀಯಲ್ಲ, ಇದನ್ನೂ ಬರ್ಕೋ." ಒಂದು ನೋಟುಬುಕ್ಕಿನಲ್ಲಿ ಕೋವಿಯ ನಂಬರ್, ಮುದ್ರೆಗಳ ಚಿತ್ರ, ಅಳತೆ, ಎಲ್ಲಾ ಬರೆದಿಟ್ಟಿದ್ದೆ. ಒಂದು ಪ್ರತಿ ಅವರ ವಿನಾಯಿತಿ ಪತ್ರದ ಜೊತೆಗೇ ಇರುತ್ತದೆ. ಕೊನೆಯ ಪುಟದಲ್ಲಿ ಮುಂಭಾಗದ ಮರ ಬೀಟೆ, ಮಂಚದ ಕಾಲಿನದು, ಕೆತ್ತಿದವರು ಅಜ್ಜ ಅಂತ ಬರೆದೆ. ಯಾವ ವರ್ಷ ಅಂತ ಕೇಳಿದೆ. ದೊಡ್ಡಮಾವ ಲೆಕ್ಕ ಹಾಕಿದರು. ಚಿಕ್ಕಮ್ಮ ಹುಟ್ಟುವ ಮುಂಚೆ, ಹೊಸ ಕೊಟ್ಟಿಗೆ ಕಟ್ಟಿದ ಮೇಲೆ. ಅದನ್ನೂ ಹಾಗೆಯೇ ಬರೆದುಕೊಂಡೆ.